ಒಂದೇ ಆಟ, ಎರಡು ರೂಲ್‌ಬುಕ್: ಆಸ್ಟ್ರೇಲಿಯಾದ ಡ್ರ್ಯಾಗ್ ರೇಸಿಂಗ್ ಒಗ್ಗೂಡೋದು ಯಾಕೆ ಕಷ್ಟ?

ಪ್ರಶ್ನೆ: ನಾವು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದೇವೆ. ಡ್ರ್ಯಾಗ್ ರೇಸಿಂಗ್, ಅಂದರೆ ನೇರ ಟ್ರ್ಯಾಕಿನಲ್ಲಿ ಎರಡೆರಡು ಕಾರು ಪಕ್ಕಪಕ್ಕ ಓಡುವ ಪಂದ್ಯ, ನಡೆಯುವ ಈಸ್ಟರ್ನ್ ಕ್ರೀಕ್‌ನ ಡ್ರ್ಯಾಗ್‌ವೇ ನಮಗೆ ಹತ್ತಿರ, ಮಗನ ಜೊತೆ ಆಗಾಗ ಹೋಗುತ್ತೇವೆ. ಅಲ್ಲಿ ಮಾತಿಗೆ ಸಿಕ್ಕವರೆಲ್ಲ ಆಂಡ್ರಾ, ಐಎಚ್‌ಆರ್‌ಎ ಅಂತ ಎರಡು ಬಣದ ಬಗ್ಗೆ ಹೇಳುತ್ತಾರೆ. ಇಷ್ಟು ಸಣ್ಣ ಆಟಕ್ಕೆ ಎರಡು ಸಂಸ್ಥೆ ಯಾಕೆ ಬೇಕು? ಒಂದಾಗೋಕೆ ಏನು ಅಡ್ಡಿ? ಮಗನಿಗೆ ಜೂನಿಯರ್ ಡ್ರ್ಯಾಗ್‌ಸ್ಟರ್ (ಮಕ್ಕಳ ಪುಟ್ಟ ಡ್ರ್ಯಾಗ್ ಕಾರು) ಓಡಿಸುವ ಆಸೆ. ಯಾವ ಲೈಸೆನ್ಸ್ ಮಾಡಿಸಬೇಕು?

ಉತ್ತರ: ಮೊದಲು ಈ ಸಂಸ್ಥೆಗಳು ಮಾಡುವ ಕೆಲಸ ಏನು ಅಂತ ನೋಡೋಣ. ಮುಂದಿನ ಸಲ ಹೋದಾಗ, ರೇಸಿಗೆ ಮುಂಚೆ ಕಾರುಗಳ ತಪಾಸಣೆ ಮಾಡುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ತಪಾಸಣೆ ಮಾಡುವವರು ಕಾರಿನೊಳಗೆ ಬಗ್ಗಿ ಸೀಟ್ ಬೆಲ್ಟಿನ ಲೇಬಲ್ ಹುಡುಕುತ್ತಾರೆ. ಬೆಲ್ಟ್ ತಯಾರಾದ ತಿಂಗಳು, ವರ್ಷವನ್ನು ಅದರ ಮೇಲೆ ಸಣ್ಣ ತೂತು ಹೊಡೆದು ಗುರುತು ಮಾಡಿರುತ್ತಾರೆ. ಎಸ್‌ಎಫ್‌ಐ (ರೇಸಿಂಗ್ ಸುರಕ್ಷತಾ ಸಾಮಗ್ರಿಗೆ ಮಾನದಂಡ ಹಾಕುವ ಅಮೆರಿಕದ ಸಂಸ್ಥೆ) ಗುರುತಿರುವ ಬೆಲ್ಟಿಗೆ ಎರಡು ವರ್ಷದ ಅವಧಿ. ನೋಡೋಕೆ ಹೊಸದರಂತಿದ್ದರೂ ದಿನ ಮೀರಿದ್ದರೆ ಬದಲಿಸಲೇಬೇಕು, ಇಲ್ಲವೇ ಮತ್ತೆ ಪ್ರಮಾಣಪತ್ರ ಮಾಡಿಸಬೇಕು. ಹೆಲ್ಮೆಟ್, ಬೆಂಕಿ ತಡೆಯುವ ಸೂಟು, ರೋಲ್ ಕೇಜ್ (ಚಾಲಕನ ಸುತ್ತಲಿನ ಲೋಹದ ಪೈಪಿನ ಚೌಕಟ್ಟು) ಎಲ್ಲಕ್ಕೂ ಇಂಥ ಲೆಕ್ಕ ಇದೆ.

ಆ ಲೆಕ್ಕವನ್ನೆಲ್ಲ ಬರೆದಿಟ್ಟ ಪುಸ್ತಕವೇ ರೂಲ್‌ಬುಕ್. ಅದನ್ನು ಹೊರತರುವುದು, ಚಾಲಕರಿಗೆ ಲೈಸೆನ್ಸ್ ಕೊಡುವುದು, ಟ್ರ್ಯಾಕಿಗೆ ಮಾನ್ಯತೆ ಕೊಡುವುದು, ದಾಖಲೆಗಳನ್ನು ಬರೆದಿಡುವುದು ಈ ಸಂಸ್ಥೆಗಳ ಕೆಲಸ. ಎಲ್ಲಕ್ಕಿಂತ ದೊಡ್ಡದು ವಿಮೆ. ವಿಮೆ ಇಲ್ಲದೆ ಯಾವ ಟ್ರ್ಯಾಕೂ ಗೇಟು ತೆಗೆಯೋಕಾಗಲ್ಲ. ಹಾಗಾಗಿ ಮಾನ್ಯತೆ ಯಾರ ಕೈಯಲ್ಲಿದೆಯೋ ಆಟದ ಜುಟ್ಟು ಅವರ ಕೈಯಲ್ಲೇ.

ಆಂಡ್ರಾ, ಅಂದರೆ ಆಸ್ಟ್ರೇಲಿಯನ್ ನ್ಯಾಷನಲ್ ಡ್ರ್ಯಾಗ್ ರೇಸಿಂಗ್ ಅಸೋಸಿಯೇಷನ್ ಹುಟ್ಟಿದ್ದು 1973ರಲ್ಲಿ. ಬಹಳ ಕಾಲ ಈ ಆಟದ ಯಜಮಾನಿಕೆ ಅದರದ್ದೇ. ಬಿರುಕು ದೊಡ್ಡದಾಗಿ ಕಂಡದ್ದು 2015ರ ಹೊತ್ತಿಗೆ. ದೇಶದ ಅತಿ ದೊಡ್ಡ ಟ್ರ್ಯಾಕ್‌ಗಳಲ್ಲಿ ಎರಡು, ನಿಮ್ಮ ಸಿಡ್ನಿ ಡ್ರ್ಯಾಗ್‌ವೇ ಮತ್ತು ಬ್ರಿಸ್ಬೇನ್ ಹತ್ತಿರದ ವಿಲ್ಲೋಬ್ಯಾಂಕ್, ಆಂಡ್ರಾದಿಂದ ದೂರ ಸರಿದವು. ಅಮೆರಿಕ ಮೂಲದ ಐಎಚ್‌ಆರ್‌ಎ (ಇಂಟರ್‌ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಮಾನ್ಯತೆಯಲ್ಲಿ 400 ಥಂಡರ್ ಅಂತ ಹೊಸ ಸರಣಿ ಶುರುವಾಯಿತು. ವಿಲ್ಲೋಬ್ಯಾಂಕ್ ಅಂದರೆ ಸುಮ್ನೆ ಇನ್ನೊಂದು ಟ್ರ್ಯಾಕ್ ಅಲ್ಲ. ಪ್ರತಿ ಜೂನ್‌ನಲ್ಲಿ ವಿಂಟರ್‌ನ್ಯಾಷನಲ್ಸ್ ನಡೆಯುವ ಜಾಗ ಅದು. ರೇಸರ್‌ಗಳ ಪಾಲಿಗೆ ಅದೇ ವರ್ಷದ ದೊಡ್ಡ ಜಾತ್ರೆ. ಅದು ಹೊರಗೆ ಹೋದ ಮೇಲೆ ರಾಷ್ಟ್ರೀಯ ಚಾಂಪಿಯನ್ ಅನ್ನುವ ಬಿರುದಿಗೆ ತೂಕ ಎಲ್ಲಿಂದ ಬರಬೇಕು?

ಆಮೇಲೆ ನಡೆದದ್ದು ನೋಡಿ. ಆಂಡ್ರಾ ಟಾಪ್ ಡೋರ್‌ಸ್ಲ್ಯಾಮರ್ ಅನ್ನುತ್ತಿದ್ದ ಕಾರುಗಳನ್ನೇ 400 ಥಂಡರ್ ಪ್ರೋ ಸ್ಲ್ಯಾಮರ್ ಅಂತ ಕರೆಯಿತು. ಅದೇ ಕಾರು, ಅದೇ ಚಾಲಕ, ಬೇರೆ ಬಿರುದು. ಪ್ರಾಯೋಜಕರ ಹತ್ತಿರ ಹೋಗಿ "ನಾನು ಚಾಂಪಿಯನ್" ಅಂದರೆ, ಅವರು "ಯಾವುದರ ಚಾಂಪಿಯನ್?" ಅಂತ ಕೇಳುವ ಸ್ಥಿತಿ. 2022ರಿಂದ ಟಾಪ್ ಫ್ಯೂಯಲ್‌ಗೆ, ಅಂದರೆ ಈ ಆಟದ ಅತಿ ವೇಗದ ಕಾರುಗಳ ವರ್ಗಕ್ಕೆ, ಮತ್ತೊಂದು ಪ್ರತ್ಯೇಕ ಚಾಂಪಿಯನ್‌ಶಿಪ್ ಬಂತು, ಬೇರೆ ಆಯೋಜಕರ ಕೈಯಲ್ಲಿ. ಆಟಕ್ಕೆ ಹೊಸ ಹುರುಪು ಬಂದದ್ದು ನಿಜ. ಮೇಜಿನ ಸುತ್ತ ಕುರ್ಚಿಯೂ ಒಂದು ಜಾಸ್ತಿ ಆಯಿತು.

ಒಂದಾಗೋಕೆ ಅಡ್ಡಿ ಏನು ಅಂದಿರಿ. ವೈಯಕ್ತಿಕ ಜಗಳ ಅಂತ ಜನ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪಲ್ಲ. ಟ್ರ್ಯಾಕ್ ನಡೆಸುವವರು ಒಬ್ಬರು, ಮಾನ್ಯತೆ ಕೊಡುವವರು ಇನ್ನೊಬ್ಬರು, ಸರಣಿ ನಡೆಸಿ ಟಿಕೆಟ್ ಮಾರುವವರು ಮತ್ತೊಬ್ಬರು. ಇವರೆಲ್ಲರ ಖರ್ಚಿಗೆ ಆಧಾರವಾಗಿರುವ ರೇಸರ್ ಇವರ್‍ಯಾರೂ ಅಲ್ಲ. ಮಳೆ ಬಂದು ರೇಸ್ ನಿಂತರೆ ನಷ್ಟ ಟ್ರ್ಯಾಕಿನವರಿಗೆ. ಹಾಗಿದ್ದ ಮೇಲೆ ನಿಯಮ ಮಾಡುವಾಗಲೂ ನಮ್ಮ ಮಾತು ನಡೆಯಲಿ ಅಂತ ಅವರು ಕೇಳಿದರೆ ತಪ್ಪೇನಿಲ್ಲ. ಅತ್ತ ಮಾನ್ಯತೆ ಕೊಡುವ ಸಂಸ್ಥೆ ಟ್ರ್ಯಾಕಿನವರ ಲಾಭ ನೋಡಿ ಸುರಕ್ಷತೆಯ ನಿಯಮ ಬರೆಯುವಂತಿಲ್ಲ. ಎರಡೂ ಕಡೆ ನ್ಯಾಯ ಇರೋದರಿಂದಲೇ ಗಂಟು ಬಿಚ್ಚುತ್ತಿಲ್ಲ.

ದೇಶದ ಅಗಲವೂ ಸಣ್ಣ ಸಮಸ್ಯೆಯಲ್ಲ. ಪರ್ತ್ ಮೋಟಾರ್‌ಪ್ಲೆಕ್ಸ್ ನಿಮ್ಮೂರಿಂದ ರಸ್ತೆಯಲ್ಲಿ ಸುಮಾರು 3,900 ಕಿ.ಮೀ. ಅಷ್ಟು ದೂರ ಟ್ರಕ್ಕಿನಲ್ಲಿ ಕಾರು, ಬಿಡಿಭಾಗ, ತಂಡ ಎಲ್ಲ ಸಾಗಿಸಿ ಹೋಗುವ ಕುಟುಂಬಕ್ಕೆ ಒಂದೇ ಋತುವಿನಲ್ಲಿ ಎರಡು ಕ್ಯಾಲೆಂಡರ್ ಬೆನ್ನು ಹತ್ತಲು ಆಗುತ್ತಾ? ಒಂದನ್ನು ಆರಿಸಿಕೊಳ್ಳುತ್ತಾರೆ. ಆಗ ಎರಡೂ ಕಡೆ ಸಾಲು ಚಿಕ್ಕದಾಗುತ್ತದೆ. ಎಂಟು ಕಾರು ಓಡಬೇಕಾದ ಜಾಗದಲ್ಲಿ ನಾಲ್ಕೇ ಓಡಿದರೆ ಪ್ರೇಕ್ಷಕರಿಗೂ ಬೇಜಾರು, ಅಲ್ವಾ?

ಆಸ್ಟ್ರೇಲಿಯಾದವರಿಗೆ ಇದು ಹೊಸ ಅನುಭವವೇನೂ ಅಲ್ಲ. 1997 ಮತ್ತು 1998ರಲ್ಲಿ ಕಾರ್ ರೇಸಿಗೆ ಹೆಸರಾದ ಬ್ಯಾಥರ್ಸ್ಟ್‌ನಲ್ಲಿ ವರ್ಷಕ್ಕೆ ಎರಡೆರಡು 1000 ಕಿ.ಮೀ. ರೇಸ್ ನಡೆದವು. ಸೂಪರ್ ಟೂರಿಂಗ್ ಕಾರುಗಳದ್ದು ಒಂದು, ವಿ8 ಸೂಪರ್‌ಕಾರ್‌ಗಳದ್ದು ಇನ್ನೊಂದು. ಟಿವಿ ಹಕ್ಕಿನ ಜಗಳ ಅದರ ಹಿಂದೆ ಇತ್ತು. ಕೊನೆಗೆ ಜನ ವಿ8 ಕಡೆ ವಾಲಿದರು, ಜಗಳ ತೀರಿತು. ಡ್ರ್ಯಾಗ್ ರೇಸಿಂಗ್‌ನಲ್ಲಿ ಹಾಗೆ ಒಂದು ಕಡೆ ಗೆಲ್ಲುವಷ್ಟು ಹಣವೂ ಇಲ್ಲ, ಪ್ರೇಕ್ಷಕರೂ ಇಲ್ಲ. ಕಾಯುತ್ತಾ ಕೂತರೆ ಇಬ್ಬರೂ ಸೊರಗುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. ಸಂಸ್ಥೆಗಳು ಒಂದಾಗಲಿ ಅಂತ ಹಟ ಹಿಡಿಯೋದು ಬೇಡ. ಸುರಕ್ಷತೆಯ ನಿಯಮ, ಲೈಸೆನ್ಸ್, ದಾಖಲೆ ಈ ಮೂರು ಒಂದೇ ಕಡೆ ಬರಲಿ. ಒಂದು ಕಡೆ ಪಾಸಾದ ಕಾರು ಎಲ್ಲ ಕಡೆ ಪಾಸಾಗಲಿ. ಸರಣಿಗಳು ಎಷ್ಟಾದರೂ ಇರಲಿ, ಪೈಪೋಟಿ ಅಲ್ಲಿ ನಡೆಯಲಿ. ಕ್ಯಾಲೆಂಡರ್ ಮಾಡುವಾಗ ಮಾತ್ರ ಎಲ್ಲರೂ ಒಟ್ಟಿಗೆ ಕೂರಬೇಕು, ರೇಸರ್‌ಗಳ ಪ್ರತಿನಿಧಿಗಳಿಗೂ ಓಟು ಇರಬೇಕು. ಬರೀ ಸಲಹೆ ಕೇಳಿ ಕಳಿಸುವುದಲ್ಲ, ಓಟು.

ಇದರಲ್ಲಿ ತಡ ಆಗಿ ಇರುವ ಟ್ರ್ಯಾಕ್ ಕೈತಪ್ಪಿದರೆ ಏನಾಗಬಹುದು ಅನ್ನೋದನ್ನು ಸಿಡ್ನಿಯೇ ಒಮ್ಮೆ ಕಂಡಿದೆ. 1984ರಲ್ಲಿ ಅಲ್ಲಿನ ಕ್ಯಾಸಲ್‌ರೇ ಡ್ರ್ಯಾಗ್ ಟ್ರ್ಯಾಕ್ ಮುಚ್ಚಿತು. ನೀವು ಹೋಗುವ ಈ ಡ್ರ್ಯಾಗ್‌ವೇ ತೆರೆದದ್ದು 2004ರಲ್ಲಿ. ದೇಶದ ಅತಿ ದೊಡ್ಡ ನಗರದಲ್ಲಿ ನೆಲ ಸಿಗುವುದು ಅಷ್ಟು ಕಷ್ಟ. ಊರು ಬೆಳೆದು ಮನೆಗಳು ಹತ್ತಿರ ಬರುತ್ತವೆ, ಸದ್ದಿನ ದೂರು ಶುರುವಾಗುತ್ತದೆ. ಆಗ ಸರ್ಕಾರದ ಮುಂದೆ ಒಬ್ಬೊಬ್ಬರು ಒಂದೊಂದು ಅರ್ಜಿ ಹಿಡಿದು ನಿಂತರೆ ಯಾರು ಕೇಳುತ್ತಾರೆ?

ಇನ್ನು ಮಗನ ವಿಚಾರ. ಲೈಸೆನ್ಸ್ ಯಾವುದು ಅನ್ನೋದು ಅವನು ಎಲ್ಲಿ ಓಡಿಸುತ್ತಾನೆ ಅನ್ನೋದರ ಮೇಲೆ ನಿಂತಿದೆ. ನಿಮ್ಮ ಮನೆ ಹತ್ತಿರದ ಟ್ರ್ಯಾಕಿನ ಕಚೇರಿಯಲ್ಲೇ ಈ ಋತುವಿಗೆ ಯಾವುದು ನಡೆಯುತ್ತದೆ, ವಯಸ್ಸಿನ ಮಿತಿ ಎಷ್ಟು ಅಂತ ಕೇಳಿ, ಆಮೇಲೆ ದುಡ್ಡು ಕಟ್ಟಿ. ಬೇರೆ ರಾಜ್ಯಕ್ಕೂ ಹೋಗುವ ಯೋಚನೆ ಇದ್ದರೆ ಆ ಟ್ರ್ಯಾಕಿಗೂ ಫೋನ್ ಮಾಡಿ. ಜೂನಿಯರ್ ಡ್ರ್ಯಾಗ್‌ಸ್ಟರ್‌ಗೆ ಒಂದೇ ಸಿಲಿಂಡರಿನ ಎಂಜಿನ್, ಓಟ 201 ಮೀಟರ್. ಸೆಕೆಂಡ್‌ಹ್ಯಾಂಡ್ ಕಾರು ಸಿಕ್ಕರೆ ಬಣ್ಣಕ್ಕೆ ಮರುಳಾಗಬೇಡಿ. ಚಾಸಿ (ಕಾರಿನ ಚೌಕಟ್ಟು) ಯಾವ ರೂಲ್‌ಬುಕ್ ಪ್ರಕಾರ ಪಾಸಾಗಿದೆ ಕೇಳಿ, ಬೆಲ್ಟಿನ ಲೇಬಲ್ ನೀವೇ ಓದಿ. ಕಾರು ಸಿದ್ಧ ಮಾಡುವ ಪಿಟ್ಸ್‌ನಲ್ಲಿ ಜೂನಿಯರ್ ಮಕ್ಕಳ ಅಪ್ಪ ಅಮ್ಮಂದಿರು ಇರುತ್ತಾರಲ್ಲ, ಅವರನ್ನು ಮಾತಾಡಿಸಿ. ಯಾವ ಖರ್ಚು ಈಗಲೇ ಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ತಳ್ಳಬಹುದು ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳಲ್ಲ.