ದೇವರಕಾಡಿನ ಲೇಖನ ಓದಿದೆ, ಈಗ ಫುಟ್‌ನೋಟ್ ಬಗ್ಗೆ ಸ್ವಲ್ಪ ಜಗಳ

ನಮಸ್ಕಾರ. ಕೊಡಗಿನ ದೇವರಕಾಡುಗಳ, ಅಂದ್ರೆ ದೇವರ ಹೆಸರಲ್ಲಿ ಊರೋರು ಕಾಯ್ಕೊಂಡು ಬಂದಿರೋ ಕಾಡುಗಳ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳ್ಸಿದ ಲೇಖನ ಎರಡು ಸಲ ಓದಿದೆ. ಮೊದಲನೇ ಸಲ ಓದೋಕೇ ಆಗ್ಲಿಲ್ಲ ಅನ್ನಿ, 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ನನ್ನ ಲ್ಯಾಪ್‌ಟಾಪಲ್ಲಿ ಬರೀ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಿಸ್ತು, ಕನ್ವರ್ಟ್ ಮಾಡೋಣ ಅಂತ ಕೂತ್ರೆ ಮಡಿಕೇರಿ ಮಳೆಗೆ ಕರೆಂಟ್ ಹೋಯ್ತು, ವಾಪಸ್ ಬಂದಿದ್ದು ಮೂರನೇ ದಿನ. ಅದಕ್ಕೇ ಉತ್ತರ ಲೇಟು. 'ಹಾಕ್ತೀರೋ ಇಲ್ವೋ ನೇರವಾಗಿ ಹೇಳಿ ಸಾರ್' ಅಂತ ಕೇಳಿದ್ರಿ. ನೇರವಾಗೇ ಹೇಳ್ತೀನಿ, ಈಗಿರೋ ರೂಪದಲ್ಲಿ ಹಾಕಲ್ಲ. ವಿಷಯ ಸಪ್ಪೆ ಅಂತಲ್ಲ, ಯಾವ ಮಾತನ್ನ ಎಲ್ಲಿಂದ ತಂದ್ರಿ ಅಂತ ಅರ್ಧ ಕಡೆ ಗೊತ್ತಾಗಲ್ಲ, ಗೊತ್ತಾದ ಕಡೆ ಹೋಗಿ ನೋಡಿದ್ರೆ ಅದು ಅಲ್ಲಿಂದ ಬಂದಿದ್ದಲ್ಲ.

ಕಾವೇರಿ ತಲಕಾವೇರೀಲಿ ಹುಟ್ತಾಳೆ ಅನ್ನೋದಕ್ಕೆ ನೀವು ಫುಟ್‌ನೋಟ್ ಹಾಕಿದೀರ! 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯ್ತು ಅನ್ನೋದಕ್ಕೆ ಮೂರು ಪುಸ್ತಕ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ತು ಅನ್ನೋದಕ್ಕೆ ಇನ್ನೆರಡು. ಇದನ್ನೆಲ್ಲ ಯಾರೂ ಅಲ್ಲ ಅನ್ನಲ್ಲ ಕಣ್ರೀ, ಆಧಾರ ಬೇಡ. ಆದ್ರೆ 'ಜಿಲ್ಲೆಯಲ್ಲಿ 1214 ದೇವರಕಾಡುಗಳಿವೆ' ಅನ್ನೋ ಸಾಲಿನ ಮುಂದೆ ಒಂದು ಚುಕ್ಕಿನೂ ಇಲ್ಲ. ಎಲ್ರೂ ಬರೀತಾರೆ ಅಂತ ನೀವೂ ಬರ್ದ್ರಿ. ಯಾರು ಎಣಿಸಿದ್ದು, ಯಾವ ವರ್ಷದ ಪಟ್ಟಿ, ಒಂದೇ ಊರಲ್ಲಿ ಎರಡು ತುಂಡಾಗಿರೋ ಕಾಡನ್ನ ಒಂದು ಅಂತ ಲೆಕ್ಕ ಹಿಡಿದ್ರಾ ಎರಡು ಅಂತನಾ, ಪಟ್ಟಿಲಿ ಇದ್ದು ಈಗ ಕಾಫಿ ತೋಟ ಆಗಿರೋದೂ ಇದರೊಳಗೆ ಸೇರಿದೆಯಾ. ಓದುಗ ಕೇಳೋದು ಇದನ್ನೇ. ವಿಸ್ತೀರ್ಣದ ಟೇಬಲ್ಲಲ್ಲೂ ಇದೇ ಕಥೆ, ಮೂಲದಲ್ಲಿ ಎಕರೆ ಇದ್ದಿದ್ದನ್ನ ನೀವು ಹೆಕ್ಟೇರ್ ಮಾಡಿದ್ರೆ, ಮಾಡಿದ್ದು ನಾನು ಅಂತ ಟೇಬಲ್ ಕೆಳಗೆ ಒಂದು ಸಾಲು ಬರೀರಿ.

ಈಗ ನನಗೆ ನಿಜವಾಗ್ಲೂ ಬೇಜಾರಾದ ವಿಷಯಕ್ಕೆ ಬರ್ತೀನಿ. ಪಾದ್ರಿ ರಿಕ್ಟರ್ ಬರೆದ ಕೊಡಗಿನ ಮ್ಯಾನ್ಯುಯಲ್‌ನ 'ರಿಕ್ಟರ್, 1887' ಅಂತ ನಾಲ್ಕು ಕಡೆ ಹಾಕಿದೀರ. ಆ ಪುಸ್ತಕ ಬಂದಿದ್ದು 1870ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದ. ಕೈತಪ್ಪು ಇರ್ಬಹುದು ಅಂತ ಬಿಟ್ಟಿದ್ದೆ, ಆಮೇಲೆ ನಿಮ್ಮದೇ ಪಟ್ಟಿಲಿರೋ ಇನ್ನೊಂದು ಹೊಸ ಲೇಖನ ತೆಗೆದು ನೋಡಿದ್ರೆ ಅದರಲ್ಲೂ 1887, ಅದೇ ಉದ್ಧರಣೆ, ಮಧ್ಯದಲ್ಲಿ ಅದೇ ಮೂರು ಚುಕ್ಕಿ. ಅಂದ್ರೆ ನೀವು ರಿಕ್ಟರ್‌ನ ಮುಟ್ಟೇ ಇಲ್ಲ. ನಾನು ಓದೋ ಕಾಲದಲ್ಲಿ ಇದನ್ನೇ ಮಾಡಿ ಸಿಕ್ಕಿಬಿದ್ದಿದೀನಿ, ವೈವಾದಲ್ಲಿ ಒಬ್ರು ಮೇಷ್ಟ್ರು 'ಈ ಪುಸ್ತಕದ ರಟ್ಟು ಯಾವ ಬಣ್ಣ ಇದೆಯಪ್ಪಾ' ಅಂತ ಕೇಳಿದ್ರು, ಬೆವರು ಒರೆಸ್ಕೊಂಡು ಸುಮ್ನೆ ನಿಂತಿದ್ದೆ. ಮೂಲ ಸಿಗ್ಲಿಲ್ಲ ಅಂದ್ರೆ ಅದೇನು ಅಪರಾಧ ಅಲ್ಲ, 'ರಿಕ್ಟರ್, 1870, ಇಂಥವರ ಲೇಖನದಲ್ಲಿ ಉದ್ಧೃತ' ಅಂತ ಬರೀರಿ, ಕೊನೇ ಪಟ್ಟಿಗೆ ನೀವು ಓದಿದ ಆ ಲೇಖನ ಮಾತ್ರ ಸೇರ್ಸಿ, ಆಕರ ಬರೆಯೋಕೆ ಇರೋ ಎಪಿಎ ಪದ್ಧತಿ ಹೇಳೋದೂ ಅದನ್ನೇ. ಆದ್ರೆ ರಿಕ್ಟರ್ ಅಂತೂ ಹಳೇ ಪುಸ್ತಕ, ಸ್ಕ್ಯಾನ್ ಪ್ರತಿ ಸಿಗುತ್ತೆ, ಒಂದು ಸಂಜೆ ಕೂತ್ರೆ ಆಯ್ತು.

ಹೆಸರುಗಳ ಗೊಂದಲಕ್ಕೆ ಪೂರ್ತಿ ನಿಮ್ಮನ್ನೇ ಬೈಯೋಕಾಗಲ್ಲ, ಸ್ಟೈಲ್ ಗೈಡ್ ಬರೆದೋರು ಕೊಡಗಿನ ಹೆಸರು ನೋಡಿ ಬರೆದಿದ್ದಲ್ಲ. 'ಚಿನ್ನಪ್ಪ, 1924' ಅಂತ ಒಂದು ಕಡೆ, 'ಚಿನ್ನಪ್ಪ, 2003' ಅಂತ ಇನ್ನೊಂದು ಕಡೆ ಹಾಕಿದೀರ, ಓದಿದೋರು ಒಬ್ರೇ ಮನುಷ್ಯ ಎಪ್ಪತ್ತೊಂಬತ್ತು ವರ್ಷ ಬಿಟ್ಟು ಮತ್ತೊಂದು ಪುಸ್ತಕ ಬರೆದ್ರು ಅಂದ್ಕೋಬೇಕಾ? 1924ರಲ್ಲಿ ಕೊಡವ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' ತಂದೋರು ನಡಿಕೇರಿಯಂಡ ಚಿನ್ನಪ್ಪ, 2003ರ ಇಂಗ್ಲಿಷ್ ಅನುವಾದ ಬೋವೇರಿಯಂಡ ನಂಜಮ್ಮ ಮತ್ತು ಚಿನ್ನಪ್ಪ ದಂಪತಿದು, ಮೂಲ ಲೇಖಕರ ಮೊಮ್ಮಕ್ಕಳು ಅವರು. ಒಕ್ಕದ, ಅಂದ್ರೆ ಮನೆತನದ ಹೆಸರು ಕಿತ್ತು ಹಾಕಿದ್ರೆ ಅಜ್ಜ ಮೊಮ್ಮಗ ಇಬ್ರೂ ಒಂದೇ ಆಗ್ಬಿಡ್ತಾರೆ. ನಮ್ಮ ಪತ್ರಿಕೇಲಿ ಕೊಡವ ಹೆಸರಿಗೆ ಒಕ್ಕದ ಹೆಸರೇ ಮೊದಲು, ಕಾಮಾ ಹಾಕಿ ತಿರುಗ್ಸೋದಿಲ್ಲ, ಅದು ಮೊದಲೇ ಮುಂದೆ ಇರೋ ಹೆಸರು ತಾನೇ. ಎಂ. ಎನ್. ಶ್ರೀನಿವಾಸ್ ಅಂಥ ಹೆಸರಾದ್ರೆ 'ಶ್ರೀನಿವಾಸ್, ಎಂ. ಎನ್.' ಅಂತ ತಿರುಗ್ಸಿ, ಇನಿಷಿಯಲ್ ಹಿಡ್ಕೊಂಡು ಯಾರೂ ಹುಡುಕಲ್ಲ. ಇನ್ನೊಂದು, ಹಾಡು ಕೊಟ್ಟಿರೋದು ಮೂಲದಿಂದ, ಪುಟ ಸಂಖ್ಯೆ ಮಾತ್ರ ಇಂಗ್ಲಿಷ್ ಪುಸ್ತಕದ್ದು. ಯಾವ ಪ್ರತಿ ಕೈಲಿತ್ತೋ ಅದರದ್ದೇ ವರ್ಷ, ಅದರದ್ದೇ ಪುಟ.

ಶ್ರೀನಿವಾಸ್ ಅಂದ್ಮೇಲೆ ನೆನಪಾಯ್ತು. ಸಂಸ್ಕೃತೀಕರಣದ (ಕೆಳಗಿನ ಜಾತಿಯೋರು ಮೇಲಿನ ಜಾತಿಯೋರ ಆಚಾರ ಹಿಡಿಯೋದು) ಬಗ್ಗೆ ನೀವು ಬರೆದಿರೋ ಎರಡು ಪ್ಯಾರಾ ಅವರು 1952ರಲ್ಲಿ ಕೊಡವರ ಬಗ್ಗೆ ತಂದ ಪುಸ್ತಕದ್ದು, ನೀವು ಕನ್ನಡಕ್ಕೆ ಇಳ್ಸಿದೀರ ಅಷ್ಟೇ. ಇಳ್ಸಿರೋದು ಚೆನ್ನಾಗೇ ಇದೆ, ಅದಕ್ಕೇ ಸಿಟ್ಟು ಬಂದಿದ್ದು, ಉದ್ಧರಣ ಚಿಹ್ನೆ ಇಲ್ಲ, ಹೆಸರೂ ಇಲ್ಲ. 'ಸಾಫ್ಟ್‌ವೇರಲ್ಲಿ ಹಾಕಿ ನೋಡಿದೆ, 8% ಬಂತು' ಅಂತ ಕೃತಿಚೌರ್ಯ ಪತ್ತೆಯ ರಿಪೋರ್ಟ್ ಬೇರೆ ಲಗತ್ತಿಸಿದೀರ. ಇಂಗ್ಲಿಷಿಂದ ಕನ್ನಡಕ್ಕೆ ಬಂದಿದ್ದನ್ನ ಆ ಸಾಫ್ಟ್‌ವೇರ್ ಎಲ್ಲಿ ಹಿಡಿಯುತ್ತೆ ಹೇಳಿ? ಯುಜಿಸಿಯ 2018ರ ನಿಯಮದಲ್ಲಿ 10% ತನಕ ಹೋಲಿಕೆಗೆ ಶಿಕ್ಷೆ ಇಲ್ಲ ನಿಜ, 10 ದಾಟಿ 40ರ ಒಳಗಿದ್ರೆ ಥೀಸಿಸ್ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡ್ಬೇಕು, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ರದ್ದು. ಆದ್ರೆ 10ರ ಒಳಗೆ ಇದೀನಿ ಅಂದ್ರೆ ಬೇರೆಯೋರ ಎರಡು ಪ್ಯಾರಾ ನಿಮ್ಮದಾಗಲ್ಲ. ಅನುವಾದ ನನ್ನದು ಅಂತ ಬರೀರಿ, ಅದು ನಿಮಗೇ ಹೆಮ್ಮೆ.

ಪಟ್ಟೀಲಿ ಹತ್ತೊಂಬತ್ತನೇ ಲೇಖನ, ಅದರ ಡಿಒಐ (ಲೇಖನದ ಕಾಯಂ ಗುರುತಿನ ಸಂಖ್ಯೆ) ಲಿಂಕ್ ಎಲ್ಲಿಗೂ ಹೋಗಲ್ಲ. ಆ ಜರ್ನಲ್ ಇದೆ, ಆ ಸಂಪುಟವೂ ಇದೆ, ಆ ಪುಟಗಳಲ್ಲಿ ಮಾತ್ರ ಬೇರೆ ಯಾರದ್ದೋ ಲೇಖನ ಕೂತಿದೆ. ಎಐ ಆ್ಯಪ್ ಹತ್ರ ಆಕರ ಕೇಳಿದ್ರಾ? ಬಾಯಿಬಿಟ್ಟು ಹೇಳಿ, ನಾನೇನೂ ಮಾಡಲ್ಲ, ಆದ್ರೆ ಪಟ್ಟಿಲಿರೋ ಪ್ರತಿಯೊಂದನ್ನೂ ನೀವೇ ತೆರೆದು ನೋಡಿ ಎದುರುಗಡೆ ಟಿಕ್ ಹಾಕಿ ಕಳ್ಸಿ.

ಉಳಿದಿದ್ದು ಸಣ್ಣಪುಟ್ಟದು. ಒಂದು ಕಡೆ ಎಪಿಎ, ಇನ್ನೊಂದು ಕಡೆ ಎಂಎಲ್‌ಎ ಅನ್ನೋ ಬೇರೆ ಪದ್ಧತಿ, ಮಧ್ಯೆ 'ಅದೇ, ಪು.' ಅಂತ ಬೇರೆ. ನಮಗೆ ಎಪಿಎ ಏಳನೇ ಆವೃತ್ತಿ ಸಾಕು, ಅದರಲ್ಲಿ ಪ್ರಕಟಣೆಯ ಊರು ಬರೆಯೋ ಹಾಗಿಲ್ಲ, ಮೂರು ಅಥವಾ ಜಾಸ್ತಿ ಲೇಖಕರಿದ್ರೆ ಪಠ್ಯದೊಳಗೆ ಮೊದಲನೇ ಸಲದಿಂದ್ಲೇ 'ಮತ್ತು ಇತರರು'. ಸ್ಪೇಸ್‌ಬಾರ್ ಒತ್ತಿ ಒತ್ತಿ ಸಾಲು ಒಳಗೆ ತಳ್ಳಿದೀರಲ್ಲ, ಬೇಡ, ಹ್ಯಾಂಗಿಂಗ್ ಇಂಡೆಂಟ್ ಅಂತ ಆಪ್ಷನ್ನೇ ಇದೆ.

ಇಷ್ಟೆಲ್ಲ ಬೈದು ಯಾಕೆ ಉದ್ದಕ್ಕೆ ಬರೀತಿದೀನಿ ಅಂದ್ರೆ ನಿಮ್ಮ ನಾಲ್ಕನೇ ಭಾಗಕ್ಕೆ. ಊರಿನ ತಕ್ಕರ (ಊರು, ದೇವಸ್ಥಾನದ ಕಟ್ಟುಪಾಡು ನೋಡ್ಕೊಳ್ಳೋ ಮುಖ್ಯಸ್ಥರು) ಜೊತೆ ಕಾಡಿನ ಗಡಿ ಸುತ್ತಿ ಬಂದಿದ್ದು, ಯಾವ ಮರ ಬಿದ್ರೂ ಮನೆಗೆ ತರಬಾರದು ಅಂತ ಅವರು ಹೇಳಿದ್ದು, ಇದು ಯಾವ ಗೆಜೆಟಿಯರಲ್ಲೂ ಸಿಗಲ್ಲ. ಅದನ್ನ ಹೋಗಿ 'ಹಿರಿಯರು ಹೇಳುತ್ತಾರೆ' ಅಂತ ಮುಗ್ಸಿದೀರಲ್ಲ! ಯಾವ ಹಿರಿಯರು, ಯಾವ ಊರು, ಯಾವ ತಾರೀಕು, ಕೊಡವ ತಕ್ಕಲ್ಲಿ, ಅಂದ್ರೆ ಕೊಡವ ಭಾಷೇಲಿ ಹೇಳಿದ್ರಾ ಕನ್ನಡದಲ್ಲಾ, ರೆಕಾರ್ಡಿಂಗ್ ಇದೆಯಾ. ಎಪಿಎ ಇದನ್ನ ವೈಯಕ್ತಿಕ ಸಂವಹನ ಅಂತ ಪಠ್ಯದೊಳಗೆ ಹೇಳಿ ಪಟ್ಟಿಯಿಂದ ಹೊರಗಿಡುತ್ತೆ, ನನಗದು ಒಪ್ಪಿಗೆ ಇಲ್ಲ, ಪುಸ್ತಕ ಬರೆದೋರಿಗೆ ಪಟ್ಟೀಲಿ ಜಾಗ, ಕಾಡು ಕಾದೋರಿಗೆ ಇಲ್ಲ ಅಂದ್ರೆ ಹೇಗೆ. ನಮ್ಮಲ್ಲಿ ಸಂದರ್ಶನಗಳಿಗೆ ಬೇರೆ ಪಟ್ಟಿ ಮಾಡ್ತೀವಿ. ಹೆಸರು ಹಾಕೋಕೆ ಅವರನ್ನ ಕೇಳಿ ಒಪ್ಪಿಗೆ ತಗೊಳ್ಳಿ, ಬೇಡ ಅಂದ್ರೆ ಊರು ತಾರೀಕು ಸಾಕು.

ಕಕ್ಕಡ, ಅದೇ ಕೊಡವರ ಮಳೆಗಾಲದ ತಿಂಗಳು ಮುಗಿಯೋದ್ರೊಳಗೆ ಯುನಿಕೋಡಲ್ಲಿ ಕಳ್ಸಿ. ಅಂದ್ಹಾಗೆ ಒಂಬತ್ತನೇ ಪುಟದ ಆ ಗಡಿಕಲ್ಲಿನ ಫೋಟೋ ನೀವೇ ತೆಗೆದಿದ್ದಾ, ಇಲ್ಲಾ ಅದೂ ಎಲ್ಲಿಂದಾದ್ರೂ ತಂದಿದ್ದಾ?