ಎಬಿಎಸ್ ಪಂಪ್ ಬದಲಿಸಿದ ಮೇಲೂ ಬ್ರೇಕ್ ಪೆಡಲ್ ಮೆತ್ತಗಿದೆ. ಯಾವ ಚಕ್ರದಿಂದ ಗಾಳಿ ತೆಗೆಯಲು ಶುರು ಮಾಡಬೇಕು?
ಯಾವ ಚಕ್ರದಿಂದ ಶುರು ಮಾಡಿದರೂ ಬ್ರೇಕ್ ಆಯಿಲಿನ ದಾರಿಯಲ್ಲಿ ಸೇರಿಕೊಂಡ ಆ ಗಾಳಿ ಹೋಗುವುದಿಲ್ಲ. ನಾಲ್ಕೂ ಚಕ್ರಗಳಿಂದ ಮೂರು ಸಲ ತೆಗೆದಿರುವುದಾಗಿ ಬರೆದಿದ್ದೀರಿ. ನಾನು ಐದು ಸಲ ತೆಗೆದವನು.

ತೀರ್ಥಹಳ್ಳಿ ಕಡೆ ನಮ್ಮ ಮನೆ. ಹಳೆಯ ಕಾರಿನ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಲೇ ಇರಲಿಲ್ಲ. ಪಂಪಿನ ಮೋಟಾರು ಸುಟ್ಟಿತ್ತು. ಹೊಸದರ ಬೆಲೆ ಕೇಳಿ ಎದೆ ಧಸಕ್ಕೆಂದಿತು. ಬೆಂಗಳೂರಿನ ಗುಜರಿಯಿಂದ ಅದೇ ನಂಬರಿನ ಹಳೆಯದೊಂದನ್ನು ತರಿಸಿದೆ. ಕೈಯಲ್ಲಿ ಹಿಡಿದು ಬೋರಲು ಹಾಕಿ ಅಲ್ಲಾಡಿಸಿದರೆ ಒಂದು ತೊಟ್ಟು ಆಯಿಲ್ ಕೂಡ ಬೀಳಲಿಲ್ಲ. ಒಳಗೆ ಕೊಳೆ ಇಲ್ಲ, ಒಳ್ಳೆಯದೇ ಆಯಿತು ಎಂದು ಸಂತೋಷಪಟ್ಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಪೈಪುಗಳನ್ನು ಜೋಡಿಸಿ, ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ, ನಾನು ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗಿದೆ. ಅವಳು ತುಳಿದು ಹಿಡಿಯಬೇಕು, ನಾನು ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಹಿಂದಿನ ಎಡ ಚಕ್ರ ಮೊದಲು, ಚಾಲಕನ ಬದಿಯ ಮುಂದಿನ ಚಕ್ರ ಕೊನೆಗೆ. ಈ ಕ್ರಮ ಎಲ್ಲ ಕಾರುಗಳಿಗೂ ಒಂದೇ ಅಲ್ಲ. ನಿಮ್ಮ ಕಾರಿನ ಪುಸ್ತಕ ನೋಡಿ. ಆದರೆ ನಿಮ್ಮ ತೊಂದರೆ ಅಲ್ಲಿಲ್ಲ. ಐದನೆಯ ಸುತ್ತಿನಲ್ಲಿ ಗುಳ್ಳೆ ಬರುವುದು ನಿಂತಿತು, ಪೆಡಲ್ ಮುಕ್ಕಾಲು ಪಾಲು ಗಟ್ಟಿಯಾಯಿತು. ‘ಇನ್ನೂ ಎಷ್ಟು ಸಲ ರೀ?’ ಎಂದು ಅವಳು ಕೇಳಿದ್ದಕ್ಕೆ, ಸಾಕು, ಓಡಿಸುತ್ತಾ ಸರಿಹೋಗುತ್ತದೆ ಎಂದೆ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಮಳೆಯಲ್ಲಿ, ಮನೆಗೆ ಇಳಿಯುವ ಜಲ್ಲಿಯ ಇಳಿಜಾರಿನಲ್ಲಿ, ಪಕ್ಕದ ಮನೆಯ ಕರು ಅಡ್ಡ ಬಂತು. ಬ್ರೇಕ್ ಒತ್ತಿದೆ. ಚಕ್ರ ಜಾರಿತು, ಕಾಲಡಿಯಲ್ಲಿ ಎಬಿಎಸ್ ಗರಗರ ಎಂದಿತು. ಕರು ದಾಟಿತು. ಕಾಲು ತೆಗೆದು ಮತ್ತೆ ಒತ್ತಿದರೆ ಪೆಡಲ್ ನೇರವಾಗಿ ನೆಲಕ್ಕೆ! ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ತಿರುಗಿ, ಮುಂದಿನ ಒಂದು ಚಕ್ರ ಗೊಬ್ಬರಗುಂಡಿಗೆ ಇಳಿದು ನಿಂತಿತು. ಪಕ್ಕದಲ್ಲಿ ಕುಳಿತಿದ್ದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಕೈಲಿ ಐದು ಸಲ ತುಳಿಸಿದ್ದು ಇದಕ್ಕೇನಾ?’ ಎಂದಳು.

ಈಗ ಆ ಬೀಳದ ತೊಟ್ಟಿನ ವಿಷಯ. ಎಬಿಎಸ್ ಪಂಪಿನ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಪ್ರತಿ ಚಕ್ರಕ್ಕೆ ಎರಡರಂತೆ ಎಂಟು ವಾಲ್ವ್‌ಗಳಿರುತ್ತವೆ. ಒಂದು ಮಾಮೂಲಿ ಹೊತ್ತಿನಲ್ಲಿ ತೆರೆದಿರುತ್ತದೆ. ನೀವು ತುಳಿದ ಆಯಿಲ್ ಅದರ ಮೂಲಕ ಚಕ್ರಕ್ಕೆ ಹೋಗುತ್ತದೆ. ಇನ್ನೊಂದು ಸದಾ ಮುಚ್ಚಿರುತ್ತದೆ. ಚಕ್ರ ಜಾರಿದಾಗ ಮಾತ್ರ ಕ್ಷಣಕಾಲ ತೆರೆದು, ಚಕ್ರದ ಒತ್ತಡವನ್ನು ಸ್ಪ್ರಿಂಗ್ ಇರುವ ಒಂದು ಪುಟ್ಟ ಕೋಣೆಗೆ ಬಿಡುತ್ತದೆ. ಅಲ್ಲಿಂದ ಪಂಪು ಆಯಿಲನ್ನು ಎತ್ತಿ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಭಾಗ) ಕಡೆಗೆ ವಾಪಸು ತಳ್ಳುತ್ತದೆ. ಯೂನಿಟ್ ಒಣಗಿದ್ದರೆ ಆ ಕೋಣೆಯಲ್ಲಿ ಇರುವುದು ಬರೀ ಗಾಳಿ. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಗೇಟ್‌ವಾಲ್ವ್ ಮುಚ್ಚಿಟ್ಟು ಈಚೆಯ ಪೈಪಿನಲ್ಲಿ ದಿನವಿಡೀ ನೀರು ಹರಿಸಿದರೂ ಆಚೆಯ ಪೈಪಿನ ಗಾಳಿ ಅಲ್ಲೇ ಇರುತ್ತದೆ. ಐದು ಸಲ ತುಳಿದರೂ ಐವತ್ತು ಸಲ ತುಳಿದರೂ ಆಯಿಲ್ ಹೋಗುವುದು ತೆರೆದ ದಾರಿಯಲ್ಲೇ. ಜಲ್ಲಿಯ ಮೇಲೆ ಎಬಿಎಸ್ ಎಚ್ಚರವಾದಾಗ ಮುಚ್ಚಿದ ಬಾಗಿಲು ತೆರೆಯಿತು, ಪಂಪು ಅಷ್ಟೂ ಗಾಳಿಯನ್ನು ಪೆಡಲಿನ ಲೈನಿಗೆ ತಂದು ಸುರಿಯಿತು. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನನ್ನ ಕಾಲಿನ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯಿತು.

ಆದ್ದರಿಂದ ವ್ಯಾಕ್ಯೂಮ್ ಪಂಪ್ ಕೊಳ್ಳಲೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೂ ಬೇಡ ಎನ್ನುತ್ತೇನೆ. ಅದು ಎಳೆಯುವುದೂ ತೆರೆದ ದಾರಿಯಿಂದಲೇ. ನಿಮಗೆ ಬೇಕಾದದ್ದು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್; ಅದೂ ಬರೀ ದೋಷದ ಕೋಡ್ ಓದುವ ಅಗ್ಗದ್ದಲ್ಲ, ಎಬಿಎಸ್‌ನ ವಾಲ್ವ್ ಮತ್ತು ಪಂಪನ್ನು ಓಡಿಸಬಲ್ಲದ್ದು. ಅದನ್ನು ಕೊಳ್ಳಬೇಕಾಗಿಲ್ಲ, ಇಟ್ಟುಕೊಂಡ ಮೆಕ್ಯಾನಿಕ್‌ನನ್ನು ಹುಡುಕಿ. ಶಿವಮೊಗ್ಗದಲ್ಲಿ ನನಗೆ ಸಿಕ್ಕವನು ಸ್ಕ್ಯಾನರಿನಿಂದ ಪಂಪು ಓಡಿಸುತ್ತಾ ಒಂದೊಂದೇ ನಿಪ್ಪಲ್ ಬಿಚ್ಚಿದ. ಗಾಳಿಯೆಲ್ಲ ಖಾಲಿಯಾಗಿದೆ ಎಂದು ನಾನು ಪ್ರಮಾಣ ಮಾಡುತ್ತಿದ್ದ ಲೈನಿನಿಂದ ನೊರೆ ನೊರೆಯಾಗಿ ಬಂತು. ಆಮೇಲೆ ಮಾಮೂಲಿ ರೀತಿಯಲ್ಲಿ ಇನ್ನೊಂದು ಸುತ್ತು. ಒಟ್ಟು ಸುಮಾರು ಒಂದು ಲೀಟರ್ ಡಾಟ್ 4 ಬ್ರೇಕ್ ಆಯಿಲ್ ಹಿಡಿಯಿತು. ತೆಗೆದ ಆಯಿಲನ್ನು ಮತ್ತೆ ಸುರಿಯಬೇಡಿ. ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಬಾನೆಟ್ ಮೇಲೆ ಚೆಲ್ಲಿದರೆ ಬಣ್ಣವನ್ನೂ ತಿನ್ನುತ್ತದೆ (ನನ್ನದು ತಿಂದಿದೆ).

ಮಣ್ಣು ರಸ್ತೆಗೆ ಹೋಗಿ ಬೇಕೆಂದೇ ಜೋರಾಗಿ ಬ್ರೇಕ್ ಒತ್ತಿ ಎಬಿಎಸ್ ಓಡಿಸಿ, ಆಮೇಲೆ ಗಾಳಿ ತೆಗೆಯಿರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗೊತ್ತಿಲ್ಲದೆ ನಾನು ಮಾಡಿದ್ದೂ ಅದನ್ನೇ. ಗೊಬ್ಬರಗುಂಡಿ ಎಲ್ಲ ಕಡೆಯೂ ಇರುವುದಿಲ್ಲ.

ಮೆಕ್ಯಾನಿಕ್ ಹತ್ತಿರ ಕಾರನ್ನು ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಅದಕ್ಕೂ ಮೊದಲು ನಿಂತಲ್ಲೇ ಒಂದು ಪರೀಕ್ಷೆ ಮಾಡಿ. ಬೇಗ ಬೇಗ ನಾಲ್ಕು ಸಲ ತುಳಿದಾಗ ಪೆಡಲ್ ಮೇಲೆದ್ದು ಗಟ್ಟಿಯಾದರೆ ಗಾಳಿಯ ಮೇಲೇ ಅನುಮಾನಪಡಿ. ಗಟ್ಟಿಯಾದ ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕುಸಿಯುತ್ತಾ ಹೋದರೆ, ಹೊರಗೆಲ್ಲೂ ಆಯಿಲ್ ಸೋರದಿದ್ದರೆ, ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಹೋಗಿರಬಹುದು. ಮೂರು ಸುತ್ತು ಪೆಡಲನ್ನು ನೆಲದವರೆಗೂ ತುಳಿಸಿದ್ದರೆ ನೀವೇ ಅದನ್ನು ಕೆಡಿಸಿರಲೂಬಹುದು; ಹಳೆಯ ಸಿಲಿಂಡರಿನಲ್ಲಿ ರಬ್ಬರ್ ಎಂದೂ ಹೋಗದ ಜಾಗದಲ್ಲಿ ತುಕ್ಕು ಕುಳಿತಿರುತ್ತದೆ. ಎರಡರಲ್ಲಿ ಯಾವುದೆಂದು ತಿಳಿಸಿ. ನೀವು ಹಾಕಿದ ಪಂಪು ಒಣಗಿತ್ತೋ, ಆಯಿಲ್ ತುಂಬಿ ಬಂದಿತ್ತೋ ಎಂಬುದನ್ನೂ ಬರೆಯಿರಿ.