ತಾತನ ಚಾಕುವಿಗೆ ಪಾಲಿಶ್ ಬೇಡ

(ಜಯನಗರದ ಓದುಗರೊಬ್ಬರ ಪತ್ರ: ತಾತನ ಟ್ರಂಕಿನಲ್ಲಿ ಮರದ ಹಿಡಿಯ ಮಡಿಸುವ ಚಾಕು ಸಿಕ್ಕಿದೆ. ಅಲಗು ಕಪ್ಪಾಗಿದೆ. ಅದನ್ನು ನೋಡಿದ ಮೇಲೆ ಇಂಥ ಚಾಕುಗಳನ್ನು ಕೂಡಿಡುವ ಆಸೆ ಹುಟ್ಟಿದೆಯಂತೆ. ‘ಪಾಲಿಶ್ ಮಾಡಿಸಲೇ? ಇನ್ನು ಯಾವುದನ್ನು ಕೊಳ್ಳಲಿ? ದಿನಾ ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದೇ? ಅಮ್ಮ ಹೆದರುತ್ತಾರೆ’ ಎಂದು ಕೇಳಿದ್ದಾರೆ.)

ಪ್ರಿಯ ಓದುಗರೇ,

ಪಾಲಿಶ್ ದಯವಿಟ್ಟು ಬೇಡ. ಅಲಗಿನ ಮೇಲಿರುವುದು ಕೊಳೆ ಅಲ್ಲ. ಹಳೆಯ ಕಾರ್ಬನ್ ಸ್ಟೀಲಿಗೆ ಮಾವಿನಕಾಯಿ, ನಿಂಬೆಹಣ್ಣಿನ ಹುಳಿ ತಗುಲಿ ತಗುಲಿ ಬೂದು, ನೀಲಿ, ಕಪ್ಪು ಬಣ್ಣ ಬರುತ್ತದೆ. ಆ ಪದರ ಇದ್ದರೆ ಕೆಂಪು ತುಕ್ಕು ಬೇಗ ಹಿಡಿಯುವುದಿಲ್ಲ. ಬಫ್ ಮಷಿನ್ನಿಗೆ ಕೊಟ್ಟರೆ ಅದೂ ಹೋಗುತ್ತದೆ, ಅಲಗಿನ ಬುಡದಲ್ಲಿ ಕಂಪನಿಯ ಮುದ್ರೆ ಇದ್ದರೆ ಅದೂ ಸವೆದುಹೋಗುತ್ತದೆ. ಆಮೇಲೆ ಆ ಚಾಕು ಎಲ್ಲಿಯದು, ಯಾವ ಕಾಲದ್ದು ಎಂದು ಹೇಳುವುದು ಕಷ್ಟ.

ಒಮ್ಮೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಬಾಯಿಯ ಗೆರೆ ನೇರವಾಗಿ ಇಲ್ಲದೆ ನಡುವೆ ಸ್ವಲ್ಪ ಒಳಕ್ಕೆ ತಗ್ಗಿದ್ದರೆ, ತಾತ ಅದನ್ನು ವರ್ಷಗಟ್ಟಲೆ ಕಲ್ಲಿನ ಮೇಲೆ ಮಸೆದಿದ್ದಾರೆ ಎಂದರ್ಥ. ಅದನ್ನು ಅಳಿಸಿಹಾಕುವುದು ಯಾಕೆ?

ಕೆಂಪು ತುಕ್ಕು ಇದ್ದರೆ ಮಾತ್ರ ತೆಗೆಯಿರಿ. ಆ ಜಾಗಕ್ಕೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೀರಾ ನಯವಾದ ಉಕ್ಕಿನ ಎಳೆಗಳ ಉಂಡೆ, ಅಂದರೆ ಸ್ಟೀಲ್ ವುಲ್‌ನಿಂದ ಮೆತ್ತಗೆ ಉಜ್ಜಿ. ಸೋಪಿನ ನೀರಿನಲ್ಲಿ ನೆನೆಹಾಕಬೇಡಿ. ಮರ ನೀರು ಕುಡಿದು ಉಬ್ಬಿ, ಒಣಗುವಾಗ ರಿವಿಟ್ ಸುತ್ತ ಸೀಳು ಬಿಡುತ್ತದೆ. ಹಿಡಿಗೆ ಅಗಸೆ ಎಣ್ಣೆ ಎರಡು ತೊಟ್ಟು ಸಾಕು. ಬೆರಳಿನಿಂದ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಇನ್ನು ಯಾವುದನ್ನು ಕೊಳ್ಳಬೇಕು ಅಂದರೆ, ನಾನು ಮೊದಲು ಹೇಳುವುದು ಕಸಿ ಚಾಕು. ಬೆಂಗಳೂರಿನಲ್ಲಿ ಇದ್ದುಕೊಂಡು ಅದನ್ನು ಬಿಟ್ಟರೆ ಹೇಗೆ? ಲಾಲ್‌ಬಾಗ್ ಇರುವ ಊರು, ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವ ಊರು. ಮರದ ಹಿಡಿಯ ಮಡಿಸುವ ಕಸಿ ಚಾಕುವನ್ನು ಕೈಯಲ್ಲಿ ಹಿಡಿದು ನೋಡಿ. ಹೆಚ್ಚಿನವುಗಳ ಅಲಗು ಒಂದು ಬದಿ ಸಪಾಟು, ಇನ್ನೊಂದು ಬದಿ ಮಾತ್ರ ಇಳಿಜಾರು. ಮಾವಿನ ಕುಡಿಯನ್ನು ಬೆಣೆಯ ಹಾಗೆ ಒಂದೇ ಎಳೆತಕ್ಕೆ ಕೊಯ್ಯಬೇಕಲ್ವಾ, ಅದಕ್ಕೇ ಈ ಆಕಾರ. ಚಾಕು ಮೊಂಡಾಗಿದ್ದರೆ ತೊಗಟೆ ಜಜ್ಜಿಹೋಗುತ್ತದೆ, ಕಸಿ ಕೂಡುವುದಿಲ್ಲ. ನರ್ಸರಿಯಲ್ಲಿ ಕಸಿ ಕಟ್ಟುವವರನ್ನು ಮಾತನಾಡಿಸಿ, ಯಾವ ಚಾಕು ಬಾಳಿಕೆ ಬರುತ್ತದೆ ಎಂದು ಅವರೇ ಹೇಳುತ್ತಾರೆ.

ಹೊರದೇಶದ್ದು ಒಂದು ಬೇಕೆಂದರೆ ಫ್ರಾನ್ಸಿನ ಒಪಿನೆಲ್ ಕೊಳ್ಳಿ. ಸವಾಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ ಚಾಕು. ಬೀಚ್ ಮರದ ಹಿಡಿ. 8ನೇ ನಂಬರಿನ ಗಾತ್ರದ್ದರ ಅಲಗು 8.5 ಸೆಂ.ಮೀ. ಬಿಚ್ಚಿದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ ಬಂದಿದ್ದು 1955ರಲ್ಲಿ. ನಮ್ಮ ಮಳೆಗಾಲದಲ್ಲಿ ಹಿಡಿ ಉಬ್ಬಿ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಉಂಗುರ ಸಡಿಲಿಸಿ, ಹಿಡಿಯ ತುದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಿ. ಅಲಗು ಉಗುರಿಗೆ ಸಿಗುವಷ್ಟು ಹೊರಬರುತ್ತದೆ.

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯದು ಕಂಡರೆ ಅಲಗನ್ನು ಬಿಚ್ಚಿ ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಬಿಟ್ಟುಬಿಡಿ. ಹಿಡಿ ಒರಟು ಕೊಂಬಿನದ್ದಾಗಿದ್ದರೆ ಇನ್ನೂ ಎಚ್ಚರ. ಇಂಗ್ಲೆಂಡಿನ ಷೆಫೀಲ್ಡ್ ಚಾಕುಗಳಿಗೆ ಒಂದು ಕಾಲದಲ್ಲಿ ನಮ್ಮ ಕಡವೆಯ ಕೊಂಬೇ ಹೋಗುತ್ತಿತ್ತು. ಈಗ ಅದರ ಮಾರಾಟಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆ ಇದೆ. ಎಷ್ಟೇ ಚೆಂದ ಇದ್ದರೂ ಮುಟ್ಟಬೇಡಿ. ಮರದ ಹಿಡಿಯನ್ನೇ ಮೆಚ್ಚಿದ್ದೀರಿ, ಒಳ್ಳೆಯದಾಯಿತು.

ಜೇಬಿನ ಪ್ರಶ್ನೆಗೆ ನನ್ನ ಉತ್ತರ: ದಿನಾ ಬೇಡ, ಕೆಲಸ ಇರುವ ದಿನ ಸರಿ. ಶಸ್ತ್ರಾಸ್ತ್ರ ನಿಯಮಗಳ ಆಯುಧ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು, ಅದೂ ಮನೆ, ಹೊಲದ ಕೆಲಸಕ್ಕಲ್ಲದ್ದು. ನಿಮ್ಮದು ಅದರ ಅರ್ಧವೂ ಇರಲಿಕ್ಕಿಲ್ಲ. ಆದರೆ ಅಷ್ಟಕ್ಕೇ ನಿಶ್ಚಿಂತೆ ಅಂತಲ್ಲ. ಚುನಾವಣೆ, ಮೆರವಣಿಗೆ, ಗಲಾಟೆಯ ಸಮಯದಲ್ಲಿ ಪೊಲೀಸ್ ಕಮಿಷನರ್ ನಿಷೇಧಾಜ್ಞೆ ಹೊರಡಿಸಿ ಇಂಥವನ್ನು ಹಿಡಿದು ಓಡಾಡುವುದನ್ನು ತಡೆಯಬಹುದು. ನಮ್ಮ ಮೆಟ್ರೋ, ಕೋರ್ಟು, ಸ್ಟೇಡಿಯಂ, ಮಾಲ್‌ಗಳಿಗೆ ಹೋಗುವ ದಿನ ಮನೆಯಲ್ಲೇ ಇರಲಿ. ವಿಮಾನಕ್ಕಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲಕ್ಕೆ ಬೇಡ. ತಪಾಸಣೆಯವರ ಜೊತೆ ‘ಇದು ಬರೀ ಹಣ್ಣು ಕೊಯ್ಯಕ್ಕೆ ಸಾರ್’ ಎಂದು ವಾದ ಮಾಡಬೇಡಿ. ನೂರಾರು ಜನರ ನಡುವೆ ಅದು ಬರೀ ಚಾಕು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಟೆರೇಸ್ ತೋಟಕ್ಕೆ, ಊರಿಗೆ, ಗೆಳೆಯರ ತೋಟಕ್ಕೆ ಹೋಗುವಾಗ ಖಂಡಿತ ತೆಗೆದುಕೊಂಡು ಹೋಗಿ. ಜೇಬಿಗಿಂತ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿ ಇಡುವುದು ವಾಸಿ. ಅಮ್ಮನ ಹೆದರಿಕೆಗೂ ಇದೇ ಉತ್ತರ ಅಂದುಕೊಂಡಿದ್ದೇನೆ. ಎಲ್ಲಿಗೆ, ಯಾವ ಕೆಲಸಕ್ಕೆ ಒಯ್ಯುತ್ತಿದ್ದೀರಿ ಎಂದು ಅವರಿಗೆ ಹೇಳಿಯೇ ಹೊರಡಿ. ತಾತನ ಚಾಕುವಿನಲ್ಲಿ ಒಪಿನೆಲ್ಲಿನ ಉಂಗುರದಂಥ ಬೀಗ ಇರಲಿಕ್ಕಿಲ್ಲ, ಅಲಗನ್ನು ಹಿಡಿದಿರುವುದು ಹಿಂದಿನ ಸ್ಪ್ರಿಂಗ್ ಒಂದೇ. ಆದ್ದರಿಂದ ಅದರಲ್ಲಿ ಚುಚ್ಚುವ, ಮೀಟುವ ಕೆಲಸ ಮಾಡಬೇಡಿ. ಸೀಬೆಹಣ್ಣು ಕೊಯ್ಯಿರಿ, ದಾರ ಕತ್ತರಿಸಿ, ಒರೆಸಿ, ಅಲಗು ತಿರುಗುವ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಮಡಚಿಡಿ.

– ಸಂಪಾದಕ